ಮೂರು ಮೊಟ್ಟೆಗಳ ಬೆಲೆ: ಚೆರಿ-ಗ್ಯಾರಾರ್ಡನ ಧ್ರುವಯಾತ್ರೆಯ ಗ್ರಂಥವೂ ಸಂಶೋಧನೆಯ ಧನಸಹಾಯವೂ

ಧ್ರುವಪ್ರದೇಶಗಳ ಅನ್ವೇಷಣೆಯ ಸಾಹಸವನ್ನು ವರ್ಣಿಸಿದ ಗ್ರಂಥಗಳು ಹಲವಾರು. ಆ ಅನ್ವೇಷಣೆಯ ಖರ್ಚುವೆಚ್ಚವನ್ನು ವಿಚಾರಮಾಡಿದವು ವಿರಳ. ಹಣದ ಮಾತೆತ್ತಿದರೆ ಸಾಹಸದ ಕಥೆಗೆ ಕಳಂಕ ತಗಲುವುದೆಂಬ ಸಂಕೋಚ ಲೇಖಕರಲ್ಲಿಯೂ ಓದುಗರಲ್ಲಿಯೂ ಇರುವಂತೆ ತೋರುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಈ ಸಂಕೋಚ ಸಲ್ಲದು. ಯಾರು ಕೊಟ್ಟರು, ಎಷ್ಟು ಕೊಟ್ಟರು, ಎಷ್ಟು ಕಾಲ ಕೊಟ್ಟರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಯಾವ ಜ್ಞಾನಶಾಖೆಯ ಚರಿತ್ರೆಯೂ ಪೂರ್ಣವಾಗಲಾರದು. ಆ್ಯಪ್ಸ್ಲಿ ಚೆರಿ-ಗ್ಯಾರಾರ್ಡನು 1922ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ‘ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್’ ಎಂಬ ಗ್ರಂಥವು ಈ ವಿಷಯದಲ್ಲಿ ಒಂದು ಅಪವಾದ. ಅದು ಧ್ರುವಸಾಹಿತ್ಯದ ಶ್ರೇಷ್ಠ ಕೃತಿಗಳಲ್ಲೊಂದೆಂಬ ಖ್ಯಾತಿ ಪಡೆದಿದೆ. ಸಂಶೋಧನೆಗೆ ಹಣ ಕೊಡುವವರ ಮನೋಧರ್ಮವನ್ನು ಕುರಿತು ಕಟುವಾದ ತೀರ್ಪನ್ನೂ ಅದು ನೀಡುತ್ತದೆ. ಆ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದು, ಎಲ್ಲಿ ಅಪೂರ್ಣವಾದುದು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಗ್ರಂಥಕರ್ತನ ಪರಿಚಯ ಸಂಕ್ಷೇಪವಾಗಿ ಅಗತ್ಯ. ಚೆರಿ-ಗ್ಯಾರಾರ್ಡನು (1886–1959) ಶ್ರೀಮಂತ ಮನೆತನದಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಇತಿಹಾಸವನ್ನು ಓದಿದವನು. ಕ್ಯಾಪ್ಟನ್ ಸ್ಕಾಟನು 1910ರಲ್ಲಿ ‘ಟೆರ್ರಾ ನೋವಾ’ ಹಡಗಿನಲ್ಲಿ ಅಂಟಾರ್ಕ್ಟಿಕಕ್ಕೆ ಹೊರಟಾಗ ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಈತನು 1,000 ಪೌಂಡುಗಳ ಕೊಡುಗೆಯೊಡನೆ ಅರ್ಜಿ ಸಲ್ಲಿಸಿದನು. ಅರ್ಜಿ ನಿರಾಕೃತವಾಯಿತು. ಆದರೂ ಆತನು ಹಣವನ್ನು ಹಿಂತೆಗೆದುಕೊಳ್ಳಲಿಲ್ಲ. ಈ ಔದಾರ್ಯದಿಂದ ಸ್ಕಾಟನ ಮನಸ್ಸು ಕರಗಿತು. ಯಾತ್ರೆಯ ವಿಜ್ಞಾನ ವಿಭಾಗದ ಮುಖ್ಯಸ್ಥನಾದ ಡಾಕ್ಟರ್ ಎಡ್ವರ್ಡ್ ವಿಲ್ಸನ್ನನ ಶಿಫಾರಸೂ ಸೇರಿತು. ಪ್ರಾಣಿಶಾಸ್ತ್ರವನ್ನು ಕ್ರಮವಾಗಿ ಅಭ್ಯಾಸಮಾಡದ ಈ ತರುಣನು ‘ಸಹಾಯಕ ಪ್ರಾಣಿಶಾಸ್ತ್ರಜ್ಞ’ನಾಗಿ ಹಡಗನ್ನೇರಿದನು. ಎಂದಮೇಲೆ, ಸಂಶೋಧನೆಯ ಧನಸಹಾಯವನ್ನು ಕುರಿತು ಈ ಗ್ರಂಥದಲ್ಲಿ ಮಾತನಾಡುವವನು ಸ್ವತಃ ಒಬ್ಬ ಧನದಾತ ಎಂಬುದನ್ನು ವಿಮರ್ಶಕನು ಮರೆಯಬಾರದು.

ಯಾತ್ರೆಯ ಒಟ್ಟು ಹಣಕಾಸಿನ ಸ್ವರೂಪವೂ ಗಮನಾರ್ಹವಾದುದು. ಸ್ಕಾಟನು ಸಾರ್ವಜನಿಕರಲ್ಲಿ ಬೇಡಿದ್ದು 40,000 ಪೌಂಡು. ಬ್ರಿಟಿಷ್ ಸರ್ಕಾರ ಕೊಟ್ಟದ್ದು 20,000 ಪೌಂಡು. ಹಡಗೊಂದಕ್ಕೇ ಬಿದ್ದ ಬೆಲೆ 12,500 ಪೌಂಡು. ಉಳಿದುದನ್ನು ಊರೂರು ತಿರುಗಿ ಚಂದಾ ಎತ್ತಬೇಕಾಯಿತು. ಶಾಲೆಯ ಮಕ್ಕಳು ಹಣ ಕೂಡಿಸಿ ಕುದುರೆ, ನಾಯಿ, ಮಲಗುವ ಚೀಲಗಳನ್ನು ಕೊಡಿಸಿದರು. ಧ್ರುವಬಿಂದುವನ್ನು ಮೊದಲು ಮುಟ್ಟುವ ಕೀರ್ತಿಗಾಗಿ ಜನ ಹಣ ಕೊಟ್ಟರೇ ಹೊರತು ಗಾಳಿಯ ಒತ್ತಡವನ್ನೋ ಸಮುದ್ರದ ತಳದ ಜೀವಿಗಳನ್ನೋ ಅರಿಯುವ ಆಸೆಯಿಂದಲ್ಲ. ಯಾತ್ರೆಯು ಮೂಲತಃ ವಿಜ್ಞಾನದ್ದು, ಧ್ರುವವು ಜನರ ಬೆಂಬಲವನ್ನು ಸೆಳೆಯಲು ಒಡ್ಡಿದ ಆಮಿಷ ಎಂಬ ಅಭಿಪ್ರಾಯವನ್ನು ಚೆರಿ-ಗ್ಯಾರಾರ್ಡನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಆ ಕಾಲದ ಯಾತ್ರಿಕರಲ್ಲಿ ಇಷ್ಟು ಪ್ರಾಮಾಣಿಕತೆ ಅಪರೂಪ.

ಗ್ರಂಥದ ಹೆಸರಿಗೆ ಕಾರಣವಾದ ಯಾತ್ರೆ ಧ್ರುವಕ್ಕೆ ನಡೆದುದಲ್ಲ. 1911ರ ಜೂನ್ 27ರಂದು ವಿಲ್ಸನ್, ಬೋವರ್ಸ್, ಚೆರಿ-ಗ್ಯಾರಾರ್ಡ್ ಈ ಮೂವರು ಕೇಪ್ ಇವಾನ್ಸಿನ ಬಿಡಾರದಿಂದ ಕೇಪ್ ಕ್ರೋಜಿಯರ್ ಎಂಬ ಸ್ಥಳಕ್ಕೆ ತಾವೇ ಹಿಮಬಂಡಿಗಳನ್ನೆಳೆದುಕೊಂಡು ಹೊರಟರು. ಎಂಪೆರರ್ ಪೆಂಗ್ವಿನ್ ಪಕ್ಷಿಯು ಧ್ರುವದ ನಡುಚಳಿಗಾಲದಲ್ಲಿ, ಸೂರ್ಯನೇ ಮೂಡದ ತಿಂಗಳುಗಳಲ್ಲಿ, ಮೊಟ್ಟೆಯಿಡುತ್ತದೆ. ಅದರ ಭ್ರೂಣವನ್ನು ಪರೀಕ್ಷಿಸಿದರೆ ಸರೀಸೃಪಗಳಿಗೂ ಪಕ್ಷಿಗಳಿಗೂ ಇರುವ ಸಂಬಂಧ ತಿಳಿದೀತೆಂಬುದು ವಿಲ್ಸನ್ನನ ನಿರೀಕ್ಷೆ. ಐದು ವಾರಗಳ ಈ ಪ್ರಯಾಣದಲ್ಲಿ ಚಳಿ ಶೂನ್ಯಕ್ಕಿಂತ 77 ಡಿಗ್ರಿ ಫ್ಯಾರನ್‌ಹೀಟಿನಷ್ಟು ಕೆಳಗಿಳಿಯಿತು. ಬಿರುಗಾಳಿಗೆ ಡೇರೆ ಹಾರಿಹೋಗಿ ದೈವವಶಾತ್ ಮತ್ತೆ ಸಿಕ್ಕಿತು. ನಡುಕದಿಂದ ಗ್ರಂಥಕರ್ತನ ಹಲ್ಲುಗಳು ಒಡೆದುವು. ಐದು ಮೊಟ್ಟೆಗಳನ್ನು ಸಂಗ್ರಹಿಸಿದರು, ಎರಡು ದಾರಿಯಲ್ಲಿ ಒಡೆದುಹೋದುವು, ಮೂರು ಉಳಿದುವು. ಮರುವರ್ಷ ವಿಲ್ಸನ್ನನೂ ಬೋವರ್ಸನೂ ಸ್ಕಾಟನೊಡನೆ ಧ್ರುವದಿಂದ ಹಿಂದಿರುಗುವಾಗ ಮಡಿದರು. ಆ ಮೂರು ಮೊಟ್ಟೆಗಳನ್ನು 1913ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಒಪ್ಪಿಸುವ ಕರ್ತವ್ಯ ಬದುಕುಳಿದ ಒಬ್ಬನ ಪಾಲಿಗೆ ಬಂದಿತು.

ಅಲ್ಲಿ ನಡೆದುದೆಂದು ಗ್ರಂಥಕರ್ತನು ಹೇಳುವ ಪ್ರಸಂಗ ಓದಿದವರ ಮನಸ್ಸಿನಿಂದ ಮಾಸುವಂಥದಲ್ಲ. ಮೂವರು ಪ್ರಾಣವನ್ನೊತ್ತೆಯಿಟ್ಟು ತಂದುದನ್ನು ಸ್ವೀಕರಿಸಲು ಅಧಿಕಾರಿಗಳಿಗೆ ಆಸಕ್ತಿಯಿಲ್ಲ. ಒಂದು ರಸೀತಿಗಾಗಿ ಆತನು ಗಂಟೆಗಟ್ಟಲೆ ಕಾಯಬೇಕು. ಇದರಿಂದ ಆತನು ತೆಗೆಯುವ ನೀತಿ ಇಷ್ಟು: ತನ್ನ ನಾಡಿನವರು ವ್ಯಾಪಾರಿ ಬುದ್ಧಿಯವರು, ವರ್ಷದೊಳಗೆ ಲಾಭ ತಾರದ ಸಂಶೋಧನೆಯನ್ನು ವ್ಯಾಪಾರಿಯು ಕಣ್ಣೆತ್ತಿಯೂ ನೋಡನು, ಆದುದರಿಂದ ಜ್ಞಾನಾಕಾಂಕ್ಷಿಯು ಒಬ್ಬಂಟಿಯಾಗಿಯೇ ನಡೆಯಬೇಕು, ಮೊಟ್ಟೆಯೊಂದನ್ನೇ ಬಹುಮಾನವೆಂದು ಭಾವಿಸಿ ತೃಪ್ತನಾಗಬೇಕು.

ಮಾತು ಉದಾತ್ತವಾಗಿದೆ. ಆದರೆ ಇತಿಹಾಸದ ಸಾಕ್ಷ್ಯವಾಗಿ ಇದನ್ನು ಸ್ವೀಕರಿಸುವ ಮುನ್ನ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಮ್ಯೂಸಿಯಮ್ಮಿನ ಪ್ರಸಂಗಕ್ಕೆ ಗ್ರಂಥದಲ್ಲಿರುವುದು ಒಂದೇ ಪಕ್ಷದ ಹೇಳಿಕೆ. ಘಟನೆಯಾದ ಒಂಬತ್ತು ವರ್ಷಗಳ ಮೇಲೆ, ನಡುವೆ ಒಂದು ಮಹಾಯುದ್ಧವನ್ನು ಕಂಡು, ಗೆಳೆಯರನ್ನು ಕಳೆದುಕೊಂಡ ಕೊರಗಿನಲ್ಲಿ ಬರೆದುದು. ಎರಡನೆಯದಾಗಿ, ಮೊಟ್ಟೆಗಳನ್ನು ಪರೀಕ್ಷಿಸದೆ ಬಿಡಲಿಲ್ಲ. ಎಡಿನ್‌ಬರೋದ ಪ್ರೊಫೆಸರ್ ಕೋಸರ್ ಇವಾರ್ಟನ ವರದಿಯನ್ನು ಗ್ರಂಥಕರ್ತನೇ ಸೇರಿಸಿದ್ದಾನೆ. 1934ರಲ್ಲಿ ಪಾರ್ಸನ್ಸ್ ಎಂಬ ವಿದ್ವಾಂಸನ ಅಂತಿಮ ವರದಿಯೂ ಹೊರಬಿದ್ದಿತು. ಪೆಂಗ್ವಿನ್ನಿನ ಭ್ರೂಣವಿಜ್ಞಾನಕ್ಕೆ ಈ ಮೊಟ್ಟೆಗಳಿಂದ ಹೆಚ್ಚೇನೂ ಲಭಿಸಲಿಲ್ಲವೆಂಬುದೇ ಅದರ ಸಾರ. ಭ್ರೂಣವು ತನ್ನ ಕುಲದ ವಿಕಾಸವನ್ನೆಲ್ಲ ಪುನರಾವರ್ತಿಸುತ್ತದೆಂಬ ಹೆಕೆಲನ ಸಿದ್ಧಾಂತವೇ ಅಷ್ಟರಲ್ಲಿ ಶಿಥಿಲವಾಗಿತ್ತು. ವ್ಯಾಪಾರಿಯ ಜಿಪುಣತನಕ್ಕೂ ಈ ನಿಷ್ಫಲತೆಗೂ ಸಂಬಂಧವಿಲ್ಲ, ಪ್ರಶ್ನೆಯೇ ಹಳೆಯದಾಗಿತ್ತು.

ಇಲ್ಲಿಯೇ ಗ್ರಂಥದ ವಾದದಲ್ಲಿನ ಮುಖ್ಯವಾದ ಕೊರತೆ ಕಾಣುತ್ತದೆ. ಚೆರಿ-ಗ್ಯಾರಾರ್ಡನ ದೃಷ್ಟಿಯಲ್ಲಿ ಇರುವವರು ಇಬ್ಬರೇ: ವರ್ಷದೊಳಗೆ ಬಡ್ಡಿ ಬಯಸುವ ವ್ಯಾಪಾರಿ ಒಬ್ಬ, ಫಲಾಪೇಕ್ಷೆಯಿಲ್ಲದ ವೀರ ಇನ್ನೊಬ್ಬ. ಇವರಿಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಆತನು ಸ್ವಲ್ಪ ಹಣವನ್ನು, ಹೆಚ್ಚು ಸದ್ದಿಲ್ಲದೆ, ಬಹುಕಾಲ ಕೊಡುವವನು. ಧ್ರುವಸಾಗರದ ಹಾಗೂ ವಾಯುಗುಣದ ವಿಜ್ಞಾನವು ಬೆಳೆದುದರಲ್ಲಿ ಈ ಮೂರನೆಯವನ ಪಾಲು ದೊಡ್ಡದು. ಗ್ರಂಥದಲ್ಲಿ ಆತನಿಗೆ ಸ್ಥಾನವಿಲ್ಲ. ಅದೇ ಯಾತ್ರೆಯ ಇತರ ಫಲಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಯಾತ್ರೆಯ ಹವಾಮಾನಶಾಸ್ತ್ರಜ್ಞನಾದ ಜಾರ್ಜ್ ಸಿಂಪ್ಸನ್ನನು ನಮ್ಮ ದೇಶದ ಹವಾಮಾನ ಇಲಾಖೆಯಿಂದ ಬಂದವನು. 1906ರಲ್ಲಿ ಆ ಇಲಾಖೆಗೆ ಸೇರಿ ಸಿಮ್ಲಾದಲ್ಲಿದ್ದವನು ಸ್ಕಾಟನೊಡನೆ ಹೋಗಿ, 1912ರಲ್ಲಿ ಮತ್ತೆ ಸಿಮ್ಲಾಕ್ಕೆ ಮರಳಿದನು. ಕೇಪ್ ಇವಾನ್ಸಿನಲ್ಲಿ ಆತನು ನಡೆಸಿದ ಕೆಲಸದಲ್ಲಿ ರೋಮಾಂಚಕವಾದುದೇನೂ ಇರಲಿಲ್ಲ: ಗೊತ್ತಾದ ಹೊತ್ತಿಗೆ ಉಷ್ಣಮಾಪಕವನ್ನು ನೋಡುವುದು, ಗಾಳಿಯ ವೇಗವನ್ನು ಬರೆಯುವುದು, ಬಲೂನು ಹಾರಿಸುವುದು. ಈ ಲೆಕ್ಕಗಳನ್ನು ವಿಮರ್ಶಿಸಿ ಆತನು ಬರೆದ ವರದಿಯ ಮೊದಲ ಸಂಪುಟವು 1919ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಅಂಟಾರ್ಕ್ಟಿಕದ ವಾಯುಗುಣವನ್ನು ಕುರಿತ ಮೂಲಗ್ರಂಥವೊಂದು ಭಾರತದ ಮುದ್ರಣಾಲಯದಿಂದ ಹೊರಬಂದಿತೆಂಬುದು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ. ಎಂಬತ್ತು ವರ್ಷಗಳ ಮೇಲೆ, 1999ರಲ್ಲಿ, ಸೂಸನ್ ಸಾಲಮನ್ ಮತ್ತು ಚಾರ್ಲ್ಸ್ ಸ್ಟರ್ನ್ಸ್ ಎಂಬ ವಿಜ್ಞಾನಿಗಳು ಸ್ಕಾಟನ ಯಾತ್ರೆಯ ಉಷ್ಣತೆಯ ಲೆಕ್ಕಗಳನ್ನು ಅದೇ ಪ್ರದೇಶದ ಸ್ವಯಂಚಾಲಿತ ಹವಾಕೇಂದ್ರಗಳ ಅಳತೆಗಳೊಡನೆ ಹೋಲಿಸಿ, 1912ರ ಮಾರ್ಚಿಯ ಚಳಿ ಆ ಕಾಲಕ್ಕೆ ಸಾಮಾನ್ಯವಾದುದಕ್ಕಿಂತ ಬಹಳ ತೀವ್ರವಾಗಿತ್ತೆಂದು ವಾದಿಸಿದರು. ಈ ತೀರ್ಮಾನವನ್ನು ಪ್ರಶ್ನಿಸಿದವರೂ ಉಂಟು. ಆದರೆ ಪ್ರಶ್ನೆಯನ್ನೆತ್ತಲು ಸಾಧ್ಯವಾದದ್ದು ಹಳೆಯ ಲೆಕ್ಕದ ಪುಸ್ತಕ ಉಳಿದಿದ್ದರಿಂದ. ಚೆರಿ-ಗ್ಯಾರಾರ್ಡನು ಜೀವಮಾನವೆಲ್ಲ ಹೊತ್ತು ತಿರುಗಿದ ಪ್ರಶ್ನೆಯೂ ಇದೇ ತಾನೆ? 1912ರ ಮಾರ್ಚಿಯಲ್ಲಿ ಆತನು ನಾಯಿಗಳೊಡನೆ ‘ಒನ್ ಟನ್’ ಉಗ್ರಾಣದಲ್ಲಿ ಸ್ಕಾಟನಿಗಾಗಿ ಕಾದು ಹಿಂದಿರುಗಿದ್ದನು. ಸ್ಕಾಟನ ಕೊನೆಯ ಡೇರೆ ಆ ಉಗ್ರಾಣಕ್ಕೆ 11 ಮೈಲಿ ದೂರದಲ್ಲಿತ್ತು. ತನ್ನ ತಪ್ಪೆಷ್ಟು, ಪ್ರಕೃತಿಯ ಪಾಲೆಷ್ಟು ಎಂಬುದನ್ನು ತೂಗಿನೋಡಲು ಬೇಕಾದ ಸಾಮಗ್ರಿ ಆತನ ಸಂಗಾತಿಯ ಕೋಷ್ಟಕಗಳಲ್ಲಿ ಅಡಗಿತ್ತು.

ಸಾಗರವಿಜ್ಞಾನದ ಕಡೆಯಿಂದಲೂ ಇಂಥದೇ ಸಾಕ್ಷ್ಯ ದೊರೆಯುತ್ತದೆ. ಸ್ಕಾಟನ ಮೊದಲನೆಯ ಯಾತ್ರೆಯಲ್ಲಿ (1901–04) ರಾಸ್ ಸಮುದ್ರದ ತಳದಿಂದ ತೆಗೆದ ಬ್ರಯೊಜೋವ ಎಂಬ ಜಾತಿಯ ಪುಟ್ಟ ಜೀವಿಗಳು ಮ್ಯೂಸಿಯಮ್ಮಿನಲ್ಲಿ ಉಳಿದಿದ್ದುವು. ಮರದ ಕಾಂಡದಲ್ಲಿರುವಂತೆ ಅವುಗಳ ದೇಹದಲ್ಲಿಯೂ ವರ್ಷವರ್ಷದ ಬೆಳವಣಿಗೆಯ ಗುರುತಿರುತ್ತದೆ. 2011ರಲ್ಲಿ ಡೇವಿಡ್ ಬಾರ್ನ್ಸ್ ಮತ್ತು ಸಹೋದ್ಯೋಗಿಗಳು ಆ ಹಳೆಯ ಮಾದರಿಗಳನ್ನು ಹೊಸವುಗಳೊಡನೆ ಹೋಲಿಸಿ, 1990ರಿಂದೀಚೆಗೆ ಬೆಳವಣಿಗೆಯ ವೇಗ ಹೆಚ್ಚಿದೆಯೆಂದು ಪ್ರಕಟಿಸಿದರು. ಸಂಗ್ರಹಿಸಿದವರಿಗೆ ಈ ಪ್ರಶ್ನೆಯ ಕಲ್ಪನೆಯೂ ಇರಲಿಲ್ಲ. ಮಾದರಿಗಳನ್ನು ಶೀಸೆಯಲ್ಲಿಟ್ಟು, ಹೆಸರುಚೀಟಿ ಅಂಟಿಸಿ, ಶತಮಾನಕಾಲ ಕಾಯ್ದವರ ಸಂಬಳವೂ ಸಂಶೋಧನೆಯ ವೆಚ್ಚವೇ ಎಂಬುದನ್ನು ಇದು ತೋರಿಸುತ್ತದೆ. ಮ್ಯೂಸಿಯಮ್ಮಿನ ಗುಮಾಸ್ತನನ್ನು ಹಾಸ್ಯಮಾಡಿದ ನಮ್ಮ ಗ್ರಂಥಕರ್ತನು ಈ ಮಾತನ್ನು ಕೇಳಿದ್ದರೆ ಏನೆನ್ನುತ್ತಿದ್ದನೋ!

ಯಾತ್ರೆಯ ತರುವಾಯ ನಡೆದ ಸಂಗತಿ ಇನ್ನೂ ಬೋಧಪ್ರದವಾದುದು. ಸ್ಕಾಟನ ಮರಣವಾರ್ತೆ ತಿಳಿದಾಗ, ಬದುಕಿದ್ದಾಗ ಕೊಡಲು ಹಿಂಜರಿದ ಜನರೇ ಸ್ಮಾರಕನಿಧಿಗೆ ಸುಮಾರು 75,000 ಪೌಂಡುಗಳನ್ನು ಸುರಿದರು. ಮಡಿದವರ ಕುಟುಂಬಗಳ ಪೋಷಣೆ, ವರದಿಗಳ ಮುದ್ರಣ ಮುಂತಾದವುಗಳಿಗೆ ಸಂದು ಉಳಿದ ಹಣದಿಂದ 1920ರಲ್ಲಿ ಕೇಂಬ್ರಿಜಿನಲ್ಲಿ ಸ್ಕಾಟ್ ಪೋಲಾರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಯಾತ್ರೆಯ ಭೂವಿಜ್ಞಾನಿಯಾಗಿದ್ದ ಫ್ರ್ಯಾಂಕ್ ಡೆಬನ್‌ಹ್ಯಾಮನು ಅದರ ಮೊದಲ ನಿರ್ದೇಶಕ. ಚದುರಿಹೋಗುತ್ತಿದ್ದ ಟಿಪ್ಪಣಿ ಪುಸ್ತಕಗಳಿಗೂ ನಕ್ಷೆಗಳಿಗೂ ಅಲ್ಲಿ ಒಂದು ನೆಲೆ ದೊರೆಯಿತು. 1955–58ರಲ್ಲಿ ಫುಕ್ಸ್ ಮತ್ತು ಹಿಲರಿ ನಡೆಸಿದ ಅಂಟಾರ್ಕ್ಟಿಕದ ಅಡ್ಡಯಾತ್ರೆಯ ಉಳಿಕೆ ಹಣವೂ ಹೀಗೆಯೇ ಟ್ರಾನ್ಸ್-ಅಂಟಾರ್ಕ್ಟಿಕ್ ಅಸೋಸಿಯೇಷನ್ ಎಂಬ ಸಂಘದ ಮೂಲಧನವಾಗಿ, ತರುಣ ಸಂಶೋಧಕರಿಗೆ ಸಣ್ಣ ಧನಸಹಾಯಗಳ ರೂಪದಲ್ಲಿ ಹಂಚಿಕೆಯಾಗುತ್ತ ಬಂದಿದೆ. ದೊಡ್ಡ ಯಾತ್ರೆಯ ಮಿಕ್ಕ ಹಣ ಸಣ್ಣ ಸಂಶೋಧನೆಯ ಬೀಜವಾಯಿತು. ಚೆರಿ-ಗ್ಯಾರಾರ್ಡನು ಗ್ರಂಥ ಬರೆಯುವ ಹೊತ್ತಿಗೆ ಕೇಂಬ್ರಿಜಿನ ಸಂಸ್ಥೆ ಹುಟ್ಟಿತ್ತು. ಆದರೂ ಆತನ ಅಂತಿಮ ತೀರ್ಪಿನಲ್ಲಿ ಇಂಥ ನಿಧಾನದ ಕೊಡುಗೆಗೆ ಜಾಗವಿಲ್ಲ.

ನಿರಂತರವಾದ ಸಣ್ಣ ವೆಚ್ಚ ನಿಂತರೆ ಏನಾಗುವುದೆಂಬುದಕ್ಕೂ ನಿದರ್ಶನಗಳಿವೆ. ಅಲಿಸ್ಟರ್ ಹಾರ್ಡಿಯು 1925–27ರ ‘ಡಿಸ್ಕವರಿ’ ಯಾತ್ರೆಗಾಗಿ ಒಂದು ಉಪಕರಣವನ್ನು ರಚಿಸಿದನು. ಹಡಗಿನ ಹಿಂದೆ ಕಟ್ಟಿ ಎಳೆದರೆ ಅದರೊಳಗಿನ ರೇಷ್ಮೆಯ ಪಟ್ಟಿಯ ಮೇಲೆ ಸಮುದ್ರದ ಸೂಕ್ಷ್ಮಜೀವಿಗಳಾದ ಪ್ಲಾಂಕ್ಟನ್ನುಗಳು ಸಾಲಾಗಿ ಅಂಟಿಕೊಳ್ಳುತ್ತವೆ. ಆ ಯಾತ್ರೆಗೆ ಹಣ ಬಂದದ್ದು ದಕ್ಷಿಣ ಸಮುದ್ರದ ತಿಮಿಂಗಿಲ ಬೇಟೆಯ ಮೇಲೆ ಹಾಕಿದ ತೆರಿಗೆಯಿಂದ. 1931ರಿಂದ ಉತ್ತರ ಸಮುದ್ರದಲ್ಲಿ ವ್ಯಾಪಾರದ ಹಡಗುಗಳೇ ಈ ಉಪಕರಣವನ್ನೆಳೆಯತೊಡಗಿದುವು. 1980ರ ದಶಕದ ಕೊನೆಯಲ್ಲಿ, ಇಂಥ ಏಕರೂಪದ ಎಣಿಕೆಯಲ್ಲಿ ಹೊಸತನವಿಲ್ಲವೆಂಬ ಭಾವನೆ ಬಲಿತಿದ್ದ ಕಾಲದಲ್ಲಿ, ಸರ್ಕಾರದ ಸಂಶೋಧನಾ ಮಂಡಲಿಯು ಬೆಂಬಲವನ್ನು ಹಿಂತೆಗೆದುಕೊಂಡಿತು. 1990ರಲ್ಲಿ ಹಾರ್ಡಿಯ ಹೆಸರಿನಲ್ಲಿ ಸ್ಥಾಪಿತವಾದ ಪ್ರತಿಷ್ಠಾನವು ಕೆಲಸವನ್ನು ಕೈಗೆತ್ತಿಕೊಳ್ಳದಿದ್ದರೆ ಆ ಸರಣಿ ಅಲ್ಲಿಗೇ ತುಂಡಾಗುತ್ತಿತ್ತು. ಸಮುದ್ರದ ನೀರು ಬೆಚ್ಚಗಾದಂತೆ ಪ್ಲಾಂಕ್ಟನ್ನುಗಳು ಉತ್ತರಕ್ಕೆ ಸರಿಯುತ್ತಿರುವುದನ್ನು ಅನಂತರ ತೋರಿಸಿಕೊಟ್ಟದ್ದು ಇದೇ ಸರಣಿ.

ಚಾರ್ಲ್ಸ್ ಡೇವಿಡ್ ಕೀಲಿಂಗನ ಅನುಭವವೂ ಇದಕ್ಕೆ ಸಮಾನ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಆತನು 1957ರಿಂದ ದಕ್ಷಿಣ ಧ್ರುವದಲ್ಲಿಯೂ 1958ರಿಂದ ಹವಾಯಿಯ ಮೌನಾ ಲೋವಾ ಪರ್ವತದಲ್ಲಿಯೂ ಅಳೆಯಿಸಲಾರಂಭಿಸಿದನು. ಹಣದ ಕಡಿತದಿಂದ 1964ರಲ್ಲಿ ಮೌನಾ ಲೋವಾದ ಅಳತೆ ಕೆಲವು ತಿಂಗಳು ನಿಂತಿತು. ಜಗತ್ಪ್ರಸಿದ್ಧವಾದ ಆ ವಕ್ರರೇಖೆಯಲ್ಲಿ ಈ ಬಿರುಕು ಇಂದಿಗೂ ಉಳಿದಿದೆ. ಎಷ್ಟು ಹಣ ಸುರಿದರೂ ಅದನ್ನು ತುಂಬಲಾಗದು. ಅಂಟಾರ್ಕ್ಟಿಕದ ಹ್ಯಾಲಿ ಎಂಬ ಬ್ರಿಟಿಷ್ ನೆಲೆಯಲ್ಲಿ 1956ರಿಂದ ವರ್ಷವೂ ಬೇಸರವಿಲ್ಲದೆ ನಡೆಸಿದ ಓಝೋನಿನ ಅಳತೆಗಳಿಂದ ಫಾರ್ಮನ್, ಗಾರ್ಡಿನರ್, ಶ್ಯಾಂಕ್ಲಿನ್ ಎಂಬ ಮೂವರು 1985ರಲ್ಲಿ ಓಝೋನ್ ಪದರದ ಕುಸಿತವನ್ನು ಪ್ರಕಟಿಸಿದರು. ಉಪಗ್ರಹಗಳೂ ಆಗ ಓಝೋನನ್ನು ಅಳೆಯುತ್ತಿದ್ದುವು; ಆದರೂ ಎಚ್ಚರಿಕೆಯ ಗಂಟೆ ಮೊದಲು ಮೊಳಗಿದ್ದು ನೆಲದ ಮೇಲಿನ ಹಳೆಯ ಮಾದರಿಯ ಉಪಕರಣದಿಂದ. ಎರಡೇ ವರ್ಷಗಳಲ್ಲಿ, 1987ರಲ್ಲಿ, ಮಾಂಟ್ರಿಯಲ್ ಒಪ್ಪಂದಕ್ಕೆ ರಾಷ್ಟ್ರಗಳು ಸಹಿಹಾಕಿದುವು.

ನಮ್ಮ ಶಾಸನಗಳನ್ನು ಓದಿದವರಿಗೆ ಈ ಬಗೆಯ ದಾನ ಅಪರಿಚಿತವಲ್ಲ. ದೇಗುಲವನ್ನು ಕಟ್ಟಿಸಿದ ಅರಸನ ಪ್ರಶಸ್ತಿ ಶಾಸನದ ಬಹುಭಾಗವನ್ನು ಆಕ್ರಮಿಸಿರುತ್ತದೆ. ಕೊನೆಯ ಪಂಕ್ತಿಗಳಲ್ಲಿ ಯಾವನೋ ಗಾಣದವನು ನಂದಾದೀವಿಗೆಗೆ ಇಷ್ಟು ಎಣ್ಣೆ ಬಿಟ್ಟನೆಂದಿರುತ್ತದೆ. ಗುಡಿಯನ್ನು ಒಮ್ಮೆ ಕಟ್ಟಿದರಾಯಿತು. ದೀಪಕ್ಕೆ ಪ್ರತಿದಿನವೂ ಎಣ್ಣೆ ಬೇಕು. ಹ್ಯಾಲಿಯ ಅಳತೆಗಾರನೂ ಹಾರ್ಡಿಯ ರೇಷ್ಮೆಯ ಪಟ್ಟಿಯನ್ನು ಎಣಿಸಿದವನೂ ಇಂಥ ದೀಪ ಕಾಯುವವರು. ಅವರಿಗೆ ಹಣ ಕೊಟ್ಟವರು ಆ ಗಾಣದವನ ಬಳಗ.

ಇಷ್ಟು ಹೇಳಿದಮೇಲೆ ಎದುರು ಪಕ್ಷದ ವಾದವನ್ನೂ ಮರೆಮಾಚಬಾರದು. ಸಣ್ಣ ಧನಸಹಾಯವೊಂದೇ ಸಾಕೆಂಬುದು ಭ್ರಮೆ. ಸರ್ಕಾರದ 20,000 ಪೌಂಡು ಇಲ್ಲದಿದ್ದರೆ ಹಡಗೇ ಇರುತ್ತಿರಲಿಲ್ಲ. ಹಡಗಿಲ್ಲದೆ ಸಿಂಪ್ಸನ್ನನ ಉಷ್ಣಮಾಪಕಕ್ಕೆ ಎಲ್ಲಿಯ ಸ್ಥಾನ? ಸಣ್ಣ ಸಹಾಯವು ದೊಡ್ಡದರ ಮೇಲೆ ನಿಂತೇ ಫಲ ಕೊಡುತ್ತದೆ. ಸಣ್ಣ ಮೊತ್ತವನ್ನು ವರ್ಷಕ್ಕೊಮ್ಮೆ ಬೇಡುವ ಪದ್ಧತಿಯಾದರೆ ವಿದ್ವಾಂಸನ ಆಯುಷ್ಯದಲ್ಲಿ ಬಹುಪಾಲು ಅರ್ಜಿ ಬರೆಯುವುದರಲ್ಲಿಯೇ ಕಳೆದೀತು. ಎಲ್ಲ ದೀರ್ಘ ಸರಣಿಗಳೂ ಓಝೋನಿನ ಕುಸಿತದಂಥ ಫಲವನ್ನು ಕೊಡುತ್ತವೆಂಬ ಭರವಸೆಯೂ ಇಲ್ಲ. ಪೆಂಗ್ವಿನ್ ಮೊಟ್ಟೆಗಳ ಗತಿಯೇ ಅವುಗಳಲ್ಲಿ ಹಲವಕ್ಕೆ ಒದಗಬಹುದು. ಆದರೆ ಯಾವುದು ಫಲಿಸೀತು, ಯಾವುದು ಬಂಜೆಯಾದೀತು ಎಂಬುದು ಮುಂಚಿತವಾಗಿ ತಿಳಿಯದಿರುವುದರಿಂದಲೇ ಹಲವು ಕಡೆ ಸ್ವಲ್ಪಸ್ವಲ್ಪ ಬಿತ್ತುವುದು ವಿವೇಕವೆನಿಸುತ್ತದೆ. ಮೊಟ್ಟೆಗಳನ್ನು ತರಲು ಮೂರು ಪ್ರಾಣಗಳನ್ನು ಒಡ್ಡಿದುದು ವಿವೇಕವೇ ಎಂಬುದು ಬೇರೆ ಪ್ರಶ್ನೆ. ಗ್ರಂಥವು ಅದನ್ನು ಎದುರಿಸುವುದೇ ಇಲ್ಲ.

ಭಾರತವು 1981ರ ಡಿಸೆಂಬರಿನಲ್ಲಿ ಡಾಕ್ಟರ್ ಕಾಸಿಮರ ನೇತೃತ್ವದಲ್ಲಿ ಗೋವೆಯಿಂದ ಅಂಟಾರ್ಕ್ಟಿಕಕ್ಕೆ ತನ್ನ ಮೊದಲ ತಂಡವನ್ನು ಕಳುಹಿಸಿತು. ‘ಮೈತ್ರಿ’ ಎಂಬ ನೆಲೆ 1989ರಿಂದಲೂ ‘ಭಾರತಿ’ ಎಂಬುದು 2012ರಿಂದಲೂ ಅಲ್ಲಿ ನಡೆದಿವೆ. ಸಿಂಪ್ಸನ್ನನನ್ನು ಕಳುಹಿಸಿದ್ದ ಹವಾಮಾನ ಇಲಾಖೆಯೇ ಇಂದು ಅಲ್ಲಿ ಗಾಳಿ ಚಳಿಗಳನ್ನು ಅಳೆಯುತ್ತಿದೆ. ತಂಡ ಹೊರಟ ದಿನ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಅಳತೆಯ ಪುಸ್ತಕದ ನಲವತ್ತನೆಯ ವರ್ಷದ ಪುಟ ಸುದ್ದಿಯಾಗದು. ಆದರೆ ಮುಂದಿನ ಇತಿಹಾಸಕಾರನು ಹುಡುಕಿಕೊಂಡು ಬರುವುದು ಆ ಪುಟವನ್ನು.

ಗ್ರಂಥದ ಒಟ್ಟು ಯೋಗ್ಯತೆಯನ್ನು ಕುರಿತು ಒಂದು ಮಾತು ಹೇಳಿ ಮುಗಿಸಬಹುದು. ಆತ್ಮಕಥನವಾಗಿ ಇದು ಅದ್ವಿತೀಯ. ಸತ್ತ ಗೆಳೆಯರ ವಿಷಯದಲ್ಲಿ ಉತ್ಪ್ರೇಕ್ಷೆಯಿಲ್ಲದ ಗೌರವ, ತನ್ನ ವಿಷಯದಲ್ಲಿ ಕರುಣೆಯಿಲ್ಲದ ವಿಮರ್ಶೆ, ಎರಡೂ ಇಲ್ಲಿವೆ. ಸಂಶೋಧನೆಯ ಅರ್ಥವ್ಯವಸ್ಥೆಯ ಚರಿತ್ರೆಯಾಗಿ ಮಾತ್ರ ಇದು ಅರ್ಧ ಸತ್ಯ. ವರ್ಷದೊಳಗೆ ಫಲ ಕೇಳುವವನನ್ನು ಅದು ಸರಿಯಾಗಿಯೇ ಖಂಡಿಸಿದೆ. ಆ ಖಂಡನೆ ನಮಗೂ ಸಲ್ಲುತ್ತದೆ: ಸಣ್ಣದೊಂದು ಸಂಶೋಧನಾ ಯೋಜನೆಗೆ ಸಹಾಯ ಕೊಟ್ಟು ವರ್ಷಾಂತ್ಯಕ್ಕೆ ‘ಮಹತ್ತ್ವದ ಫಲಿತಾಂಶ’ವನ್ನು ಕೇಳುವ ಸಮಿತಿಗಳಲ್ಲಿ ಅಧ್ಯಾಪಕರಾದ ನಾವೂ ಕುಳಿತಿರುತ್ತೇವೆ. ಕ್ರಮವಾಗಿ ಬರೆದಿಟ್ಟ ಲೆಕ್ಕ, ಹೆಸರುಚೀಟಿ ಹಚ್ಚಿದ ಮಾದರಿ, ಮುಂದಿನವನಿಗೆ ಓದಲು ಬರುವ ಟಿಪ್ಪಣಿ, ಇವೂ ಫಲಿತಾಂಶಗಳೇ ಎಂದು ಒಪ್ಪಿಕೊಂಡರೆ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಸುಳ್ಳು ಉತ್ಸಾಹದ ವರದಿಗಳನ್ನು ಬರೆಯುವ ಅವಸ್ಥೆಯಿಂದ ಪಾರಾದಾರು. ಕೇಪ್ ಕ್ರೋಜಿಯರಿನ ಮೂರು ಮೊಟ್ಟೆಗಳು ಇಂದಿಗೂ ಆ ಮ್ಯೂಸಿಯಮ್ಮಿನ ಸಂಗ್ರಹದಲ್ಲಿವೆ. ಅವುಗಳಿಂದ ಕೇಳಬೇಕಾದ ಪ್ರಶ್ನೆಗಳೆಲ್ಲ ಮುಗಿದುವೆಂದು ಹೇಳುವ ಅಧಿಕಾರ 1934ರ ವರದಿಗೂ ಇರಲಿಲ್ಲ, ನಮಗೂ ಇಲ್ಲ.